ಅಟ್ಟದಿಂದ ಇಳಿದ ಸಿಂಗರ್: ಹಳೆ ಹೊಲಿಗೆ ಮಿಷನ್ ಹುಡುಕುವವರಿಗೆ

ಪ್ರಶ್ನೆ: ಕಾಸರಗೋಡಿನ ನೀರ್ಚಾಲಿನ ಹತ್ತಿರ ನಮ್ಮ ಅಜ್ಜನಮನೆ ಕೆಡವುವಾಗ ಅಟ್ಟದಲ್ಲಿ ಸಿಂಗರ್ ಕಂಪೆನಿಯ ಒಂದು ಕೈಮಿಷನ್ ಸಿಕ್ಕಿತು. ನಂಬರಿನ ಮೊದಲಿಗೆ ‘ವೈ’ ಅಕ್ಷರ ಇದೆ. ಚಕ್ರ ಸಲೀಸಾಗಿ ತಿರುಗುತ್ತದೆ, ಸೂಜಿ ಮಾತ್ರ ಅಲುಗುವುದಿಲ್ಲ. ಬಾಬಿನ್ ಈಗಿನವುಗಳಂತೆ ಉರುಟಾಗಿಲ್ಲ, ಸಪೂರವಾಗಿ ಉದ್ದಕ್ಕಿದೆ. ಗಲ್ಫಿನಿಂದ ಬಂದ ನೆರೆಯವರೊಬ್ಬರು ಇದರೊಳಗೆ ‘ಕೆಂಪು ಪಾದರಸ’ ಇರುತ್ತದೆ, ಲಕ್ಷಗಟ್ಟಲೆ ಸಿಗುತ್ತದೆ ಅನ್ನುತ್ತಾರೆ. ಮಾವ ಗುಜರಿಗೆ ಹಾಕು ಅನ್ನುತ್ತಾರೆ. ನನಗೆ ಇದನ್ನು ಓಡಿಸಬೇಕು, ಇಂಥವು ಇನ್ನೂ ನಾಲ್ಕೈದು ಸೇರಿಸಬೇಕು ಅಂತ ಆಸೆ. ಎಲ್ಲಿ ಹುಡುಕಲಿ, ಕೊಳ್ಳುವಾಗ ಏನು ನೋಡಲಿ, ನಮ್ಮ ಮಳೆಗಾಲದಲ್ಲಿ ಹೇಗೆ ಕಾಪಾಡಲಿ?

ಉತ್ತರ: ಗುಜರಿಗೂ ಹಾಕಬೇಡಿ, ಪಾದರಸ ಕೇಳಿಕೊಂಡು ಬಂದವರ ಕೈಗೂ ಕೊಡಬೇಡಿ.

ಪಾದರಸದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. 2009ರ ಏಪ್ರಿಲಿನಲ್ಲಿ ಸೌದಿ ಅರೇಬಿಯಾದಲ್ಲಿ ಒಂದು ಗಾಳಿಸುದ್ದಿ ಹಬ್ಬಿತು. ಹಳೆ ಸಿಂಗರ್ ಮಿಷನ್ನಿನ ಸೂಜಿಯಲ್ಲಿ ಕೆಂಪು ಪಾದರಸ ಇದೆ, ಮೊಬೈಲನ್ನು ಅದರ ಹತ್ತಿರ ಹಿಡಿದರೆ ಲೈನ್ ಕಟ್ಟಾಗುತ್ತದೆ, ಹಾಗೆ ಕಟ್ಟಾದರೆ ಮಾಲು ಅಸಲಿ ಅಂತ. ಜನ ಮುಗಿಬಿದ್ದರು, ಬೆಲೆ 2 ಲಕ್ಷ ರಿಯಾಲಿನವರೆಗೂ ಏರಿದ ವರದಿಗಳು ಬಂದವು. ಕೊನೆಗೆ ಅಲ್ಲಿನ ಪೊಲೀಸರೇ ಇದು ಮೋಸ ಎಂದು ಹೇಳಬೇಕಾಯಿತು. ಮನೆಗೊಬ್ಬರು ಗಲ್ಫಿನಲ್ಲಿರುವ ನಮ್ಮ ಕಡೆಗೆ ಆ ಸುದ್ದಿ ಬಾರದೆ ಇರುತ್ತದೆಯೇ? ಈಗಲೂ ಹೋದಲ್ಲೆಲ್ಲ ಕೇಳುತ್ತಾರೆ. ಮಿಷನ್ನಿನಲ್ಲಿ ಇರುವುದು ಎರಕದ ಕಬ್ಬಿಣ, ಉಕ್ಕು, ಒಂದಿಷ್ಟು ಹಿತ್ತಾಳೆ, ಮೇಲೆ ನಿಕ್ಕಲ್ ಲೇಪ, ಅಷ್ಟೇ. ಸೂಜಿಯಂತೂ ಮುರಿದಾಗಲೆಲ್ಲ ಬದಲಾಯಿಸಿದ ಭಾಗ. ನೂರು ವರ್ಷದ ಮಿಷನ್ನಿನಲ್ಲಿ ಎಲ್ಲಕ್ಕಿಂತ ಹೊಸತು ಅದೇ, ಬಹುಶಃ ಕುಂಬಳೆ ಪೇಟೆಯಲ್ಲಿ ಕೊಂಡದ್ದು. ಈ ಆಸೆಗೆ ಬಿದ್ದು ಸೂಜಿಕಡ್ಡಿಯನ್ನೇ ಕೊಯ್ದು ತೆಗೆದ ಮಿಷನ್ನುಗಳನ್ನು ನೋಡಿ ಹೊಟ್ಟೆ ಉರಿದಿದೆ. ಮೊಬೈಲ್ ಹಿಡಿದು ಪರೀಕ್ಷೆ ಮಾಡಲು ಬರುವವರನ್ನು ಜಗಲಿಗೂ ಹತ್ತಿಸಬೇಡಿ.

ಇನ್ನು ಸೂಜಿ ಅಲುಗದ ವಿಷಯ. ಚಕ್ರ ಸಲೀಸಾಗಿ ತಿರುಗುತ್ತದೆ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ. ‘ಹಾಳಾಗಿದೆ’ ಅಂತ ಮೂಲೆ ಸೇರಿದ ಮಿಷನ್ನುಗಳಲ್ಲಿ ಬಹಳಷ್ಟಕ್ಕೆ ಇದೇ ಕಾಯಿಲೆ, ನಿಜದಲ್ಲಿ ಕಾಯಿಲೆಯೇ ಅಲ್ಲ. ಚಕ್ರದ ನಡುವೆ ಅಂಚಿಗೆ ಗೀರು ಹಾಕಿದ ಉರುಟು ಗುಬುಟು ಇದೆ ನೋಡಿ. ಬಾಬಿನ್ ಸುತ್ತುವಾಗ ಸೂಜಿ ಸುಮ್ಮನೆ ಕುಣಿಯಬಾರದು ಅಂತ ಅದನ್ನು ಸಡಿಲ ಮಾಡುತ್ತಾರೆ. ಸಡಿಲ ಮಾಡಿದವರು ಬಿಗಿ ಮಾಡಲು ಮರೆತರೆ ಚಕ್ರ ಒಂದೇ ತಿರುಗುತ್ತದೆ. ಎಡಗೈಯಲ್ಲಿ ಚಕ್ರ ಹಿಡಿದು ಬಲಗೈಯಲ್ಲಿ ಗುಬುಟನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ ಬಿಗಿಮಾಡಿ. ಆಗಲೂ ಹಿಡಿಯದಿದ್ದರೆ ಗುಬುಟಿನ ಮೇಲಿರುವ ಚಿಕ್ಕ ಸ್ಕ್ರೂ ತೆಗೆಯಿರಿ, ಗುಬುಟನ್ನು ಪೂರ್ತಿ ಬಿಚ್ಚಿ. ಹಿಂದೆ ಕಿವಿಗಳಿರುವ ಒಂದು ವಾಷರ್ ಸಿಗುತ್ತದೆ. ಅದನ್ನು ಯಾರೋ ಒಮ್ಮೆ ತೆಗೆದು ತಿರುಗಾಮುರುಗಾ ಹಾಕಿರುತ್ತಾರೆ. ಚಿಮಿಣಿ ಎಣ್ಣೆಯಲ್ಲಿ (ಸೀಮೆಎಣ್ಣೆಯಲ್ಲಿ) ತೊಳೆದು, ಅರ್ಧ ಸುತ್ತು ತಿರುಗಿಸಿ ಕೂರಿಸಿ, ಮತ್ತೆ ಬಿಗಿ ಮಾಡಿ ನೋಡಿ. ಸೂಜಿ ಮೇಲೆ ಕೆಳಗೆ ಆಡತೊಡಗುತ್ತದೆ. ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೇ ತಿರುಗಿಸಬೇಕು.

ಗುಬುಟು ಬಿಗಿಯಾದ ಮೇಲೆ ಚಕ್ರವೇ ನಿಂತುಹೋದರೆ ಬಲ ಹಾಕಬೇಡಿ, ಸುತ್ತಿಗೆಯಂತೂ ಬೇಡವೇ ಬೇಡ. ಒಂದೋ ಹಳೆ ಎಣ್ಣೆ ಗಟ್ಟಿಯಾಗಿದೆ, ಇಲ್ಲವೇ ಬಾಬಿನ್ ಕೂರುವ ಶಟಲಿನ ಹತ್ತಿರ ಅಥವಾ ಚಕ್ರದ ಹಿಂದೆ ನೂಲು ಸುತ್ತಿಕೊಂಡಿದೆ. ನೂಲನ್ನು ಚಿಮಟದಲ್ಲಿ ಎಳೆದು ತೆಗೆಯಿರಿ. ಲೋಹ ಲೋಹಕ್ಕೆ ಉಜ್ಜುವ ಪ್ರತಿಯೊಂದು ಸಂದಿಗೂ ಚಿಮಿಣಿ ಎಣ್ಣೆಯ ಹನಿ ಬಿಡಿ, ರಾತ್ರಿ ಹಾಗೇ ಇರಲಿ, ಬೆಳಿಗ್ಗೆ ಚಕ್ರವನ್ನು ಹಿಂದೆ ಮುಂದೆ ಮೆಲ್ಲ ಅಲುಗಿಸಿ. ತಲೆಗೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿಯೂ ಸಹಾಯ ಮಾಡುತ್ತದೆ. ಒಂದು ವಾರ ಹಿಡಿದರೂ ಹಿಡಿಯಲಿ. ಈ ಮಿಷನ್ನುಗಳು ಬಿಟ್ಟುಕೊಡುತ್ತವೆ.

‘ವೈ’ ಅಕ್ಷರ ನಿಮ್ಮ ಮಿಷನ್ನಿನ ಊರನ್ನೂ ಕಾಲವನ್ನೂ ಹೇಳುತ್ತದೆ. ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯದು, 1920ರ ದಶಕದ ಆರಂಭದಿಂದ 1930ರ ದಶಕದ ನಡುವಿನವರೆಗೆ ತಯಾರಾದವುಗಳಲ್ಲಿ ಒಂದು. 1900ಕ್ಕೆ ಮೊದಲಿನ ಸಿಂಗರಿನಲ್ಲಿ ಅಕ್ಷರವೇ ಇರುವುದಿಲ್ಲ, ಬರೀ ಅಂಕೆ. ಆಮೇಲೆ ಒಂದಕ್ಷರ ಬಂತು, 1935ರ ಸುಮಾರಿನಿಂದ ಕ್ಲೈಡ್‌ಬ್ಯಾಂಕಿನವಕ್ಕೆ ‘ಇ’ಯಿಂದ ಶುರುವಾಗುವ ಎರಡಕ್ಷರ. ಈ ಒಂದು ಸಂಗತಿ ತಿಳಿದಿದ್ದರೆ ಮಾರುವವರ ಅರ್ಧಕ್ಕರ್ಧ ಕತೆಗಳು ಅಲ್ಲೇ ನಿಲ್ಲುತ್ತವೆ. ಇನ್ನೊಂದು ಮಾತು ನೆನಪಿಡಿ: ಕೆಲವು ಮಿಷನ್ನುಗಳ ಹಿತ್ತಾಳೆ ಬಿಲ್ಲೆಯ ಸುತ್ತ ನೀಲಿ ಅಂಚು ಇದ್ದು, ಅದರಲ್ಲಿ 1851–1951 ಎಂದು ಇರುತ್ತದೆ. ‘1851ರ ಮಿಷನ್, ಕ್ವೀನ್ ವಿಕ್ಟೋರಿಯಾ ಕಾಲದ್ದು’ ಅಂತ ಅದನ್ನೇ ತೋರಿಸಿ ಬೆಲೆ ಹೇಳುತ್ತಾರೆ. ಅದು ಕಂಪೆನಿಗೆ ನೂರು ವರ್ಷ ತುಂಬಿದ ನೆನಪಿಗೆ ಹಾಕಿದ ಬಿಲ್ಲೆ. ಮಿಷನ್ 1950ರ ಆಚೀಚೆಯದು. ತಗಡಿನ ಮೇಲೆ ಕೆತ್ತಿದ ಪೇಟೆಂಟ್ ತಾರೀಕುಗಳೂ ಹಾಗೆಯೇ, ತಯಾರಾದ ವರ್ಷ ಅಲ್ಲ.

ಮಿಷನ್ನಿನ ಜೊತೆ ರಶೀದಿ, ಕಂತಿನ ಚೀಟಿ, ಪುಸ್ತಿಕೆ ಏನಾದರೂ ಸಿಕ್ಕಿದರೆ ಎಸೆಯಬೇಡಿ. ಸಿಂಗರ್ ಕಂಪೆನಿ 1850ರ ದಶಕದಿಂದಲೇ ಕಂತಿನಲ್ಲಿ ಮಾರುವುದನ್ನು ರೂಢಿಗೆ ತಂದಿತ್ತು, ಹಾಗಾಗಿ ಚೀಟಿಗಳು ಮನೆಯಲ್ಲಿ ಉಳಿಯುತ್ತಿದ್ದವು. ನಮ್ಮ ಊರಿನ ಚೀಟಿಯಲ್ಲಿ ತಾರೀಕು ಅಳಿಸಿಹೋಗಿದ್ದರೂ ವಿಳಾಸ ಸಾಕು. ಮದ್ರಾಸ್ ರಾಜ್ಯ, ಸೌತ್ ಕೆನರಾ ಅಂತಿದ್ದರೆ 1956ರ ನವೆಂಬರಿಗೆ ಮೊದಲಿನದು. ಕಣ್ಣೂರು ಜಿಲ್ಲೆ ಅಂತಿದ್ದರೆ 1984ಕ್ಕೆ ಮೊದಲು. ಕಾಸರಗೋಡು ಜಿಲ್ಲೆ ಅಂತಿದ್ದರೆ ಆಮೇಲಿನದು. ಮಿಷನ್ನಿನ ನಂಬರಿಗೂ ಚೀಟಿಯ ಕಾಲಕ್ಕೂ ಇಪ್ಪತ್ತು ವರ್ಷದ ಅಂತರ ಕಂಡರೆ ಅದು ಕೈ ಬದಲಾಗಿ ಬಂದ ಮಿಷನ್ ಎಂದು ಊಹಿಸಬಹುದು. ಮಂಗಳೂರಿನಿಂದಲೋ, ಸಿಂಗಾಪುರಕ್ಕೆ ಹೋಗಿಬಂದವರ ಪೆಟ್ಟಿಗೆಯಲ್ಲೋ ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ.

ಉದ್ದ ಬಾಬಿನ್ ಅಂದಿರಿ. ಅಂದರೆ ಬಂದೂಕಿನ ಗುಂಡಿನಾಕಾರದ ಶಟಲ್ ತೊಟ್ಟಿಲಿನಂತೆ ಅತ್ತಿತ್ತ ತೂಗುವ ಜಾತಿ. ದೊಡ್ಡ ಗಾತ್ರದ್ದಾದರೆ 27 ಅಥವಾ 127, ಚಿಕ್ಕದಾದರೆ 28 ಅಥವಾ 128. ಮಾದರಿ ಸಂಖ್ಯೆಯನ್ನು ಆ ಕಾಲದಲ್ಲಿ ಮೈಮೇಲೆ ಬರೆಯುತ್ತಿರಲಿಲ್ಲ. ಬಾಬಿನ್ ಸುತ್ತುವ ಸಲಕರಣೆ ಕೆಳಗೆ, ತಳದ ಹತ್ತಿರ ಇದ್ದರೆ 27–28, ಚಕ್ರದ ಮಟ್ಟಕ್ಕೆ ಮೇಲೆ ಇದ್ದರೆ 127–128. ನಿಮ್ಮ ಅದೃಷ್ಟಕ್ಕೆ ಇವಕ್ಕೆ ಈಗಿನ ಮಾಮೂಲಿ ಮನೆಮಿಷನ್ ಸೂಜಿಯೇ ಸಾಕು, 14 ಅಥವಾ 16 ನಂಬರಿನದು ಹಾಕಿ. ಸೂಜಿಯ ಉದ್ದ ತೋಡು ಇರುವ ಬದಿಯಿಂದ ನೂಲು ಪೋಣಿಸಿ. ಉದ್ದ ಬಾಬಿನ್ ಈಗಲೂ ಹೊಸತು ತಯಾರಾಗುತ್ತದೆ. ಆದರೆ ಶಟಲ್ ಕಳೆದುಹೋದರೆ ಹುಡುಕಾಟ ಶುರು.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಹಳೆ ಮಿಷನ್ನಿನ ಬೆಲೆ ಅದರ ಹೆಸರಲ್ಲೂ ಇಲ್ಲ, ವಯಸ್ಸಲ್ಲೂ ಇಲ್ಲ. ಕ್ಲೈಡ್‌ಬ್ಯಾಂಕಿನ ಆ ಒಂದೇ ಕಾರ್ಖಾನೆಯಿಂದ 1913ನೇ ಇಸವಿ ಒಂದರಲ್ಲೇ 13 ಲಕ್ಷ ಮಿಷನ್ನುಗಳು ಹೊರಬಿದ್ದವು. 1880ರ ದಶಕದಲ್ಲಿ ಶುರುವಾಗಿ 1980ರಲ್ಲಿ ಮುಚ್ಚುವ ತನಕ ಅಲ್ಲಿ ಎಷ್ಟು ಮಿಷನ್ ತಯಾರಾಗಿರಬಹುದು, ಯೋಚಿಸಿ. ನೂರು ವರ್ಷದ ಸಿಂಗರ್ ಅಂದರೆ ಅಪರೂಪದ ವಸ್ತುವೇನಲ್ಲ. ಅಪರೂಪ ಆಗಿರುವುದು ಬಿಡಿಭಾಗ ಒಂದೂ ತಪ್ಪದ ಮಿಷನ್. ಶಟಲ್, ಬಾಬಿನ್ ಕೇಸ್, ಸೂಜಿಯ ಕೆಳಗೆ ಶಟಲನ್ನು ಮುಚ್ಚುವ ಜಾರುತಗಡು, ಸೂಜಿ ಬಿಗಿಯುವ ಪುಟ್ಟ ಸ್ಕ್ರೂ, ನೂಲಿನ ಬಿಗಿತ ಹಿಡಿಯುವ ಟೆನ್ಶನ್ನಿನ ಸ್ಪ್ರಿಂಗ್, ಎಲ್ಲವೂ ಹಿಡಿ ಒಳಗೆ ಅಡಗುವಂಥವು. ಮಕ್ಕಳು ಆಡಿ ಕಳೆದದ್ದೂ ಇವನ್ನೇ, ಗುಜರಿಯವರು ಎತ್ತುವಾಗ ಉದುರುವುದೂ ಇವೇ. ಕೊನೆಗೆ ಹತ್ತು ಕಿಲೋ ಮೀರುವ ಕಬ್ಬಿಣ ಮಾತ್ರ ಉಳಿದಿರುತ್ತದೆ. ಆದ್ದರಿಂದ ಮಿಷನ್ ಕಂಡ ಕೂಡಲೇ ಮೇಲಿನ ಚಿನ್ನದ ಬಣ್ಣದ ಚಿತ್ತಾರ ನೋಡಿ ಮಾರುಹೋಗಬೇಡಿ. ಜಾರುತಗಡು ಎಳೆದು ಒಳಗೆ ಶಟಲ್ ಇದೆಯೇ ನೋಡಿ. 27–28 ಜಾತಿಗೆ ಎದುರಿಗೊಂದು, ಹಿಂದೊಂದು, ಹೀಗೆ ಎರಡು ತಗಡು. ಎದುರಿನದು ಹೆಚ್ಚಾಗಿ ಇರುವುದೇ ಇಲ್ಲ. ನಿಮ್ಮದರಲ್ಲಿ ಎರಡೂ ಇದ್ದರೆ ಇವತ್ತೇ ಒಂದು ಟೇಪಿನ ತುಂಡು ಅಂಟಿಸಿಡಿ.

ನಿಮ್ಮ ಮುಂದಿನ ಮಿಷನ್ ಯಾವುದಾಗಬೇಕು ಎಂದರೆ ನಾನು ಸಿಂಗರಿನ 15 ನಂಬರ್ ಮಾದರಿಯ ಜಾತಿ ಅನ್ನುತ್ತೇನೆ. ಬಾಬಿನ್ ಕೇಸ್ ಎಡಕ್ಕೆ ಮುಖ ಮಾಡಿ ನೆಟ್ಟಗೆ ಕೂರುತ್ತದಲ್ಲ, ಅದು. ನಮ್ಮ ಟೈಲರುಗಳು ಬಳಸುವ ಮನೆಮಿಷನ್ನುಗಳಲ್ಲಿ ಹೆಚ್ಚಿನವು ಅದೇ ಅಚ್ಚಿನವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನವರು ನೂರಾರು ಹೆಸರಿನಲ್ಲಿ ಮಾಡಿ ಜಗತ್ತಿಗೆಲ್ಲ ಕಳಿಸಿದ್ದೂ ಅದೇ. ಬಾಬಿನ್ ಕೇಸ್, ಸೂಜಿ, ಬೆಲ್ಟು ಬದಿಯಡ್ಕದ ಅಂಗಡಿಯಲ್ಲೂ ಸಿಗುತ್ತವೆ. 66ರ ಜಾತಿ ಸಿಕ್ಕಿದರೆ ಅದೂ ಒಳ್ಳೆಯದೇ, ಬಾಬಿನ್ ಮೇಲಿನಿಂದ ಇಳಿಸುವಂಥದ್ದು. ಕ್ಲೈಡ್‌ಬ್ಯಾಂಕಿನ 66ರ ಮೇಲೆ ತಾವರೆಯ ಚಿತ್ತಾರ ಇರುತ್ತದೆ, ನೋಡಲು ಬಲು ಚಂದ. ಚಪ್ಪಲಿ ಹೊಲಿಯುವವರ ಉದ್ದ ಮೂತಿಯ 29, ಬಟ್ಟೆ ಒತ್ತಿಹಿಡಿಯುವ ಫುಟ್ಟು ಸುತ್ತಲೂ ತಿರುಗುವಂಥದ್ದು, ಕೊನೆಗೆ ಕೊಂಡರಾಯಿತು. ಅದು ಸವೆದಿದ್ದರೆ ಸರಿಮಾಡುವ ಖರ್ಚು ಹೆಚ್ಚು.

ಹೆಚ್ಚಿನವರು ಮುಖ ತಿರುಗಿಸುವ ಒಂದು ಮಿಷನ್ನಿನ ಪರವಾಗಿ ಇಲ್ಲಿ ಮಾತಾಡಲೇಬೇಕು: ಹಳೆ ಉಷಾ. 1930ರ ದಶಕದ ನಡುವಿನಲ್ಲಿ ಕಲ್ಕತ್ತಾದಲ್ಲಿ ಬಿಷನ್ ದಾಸ್ ಬಾಸಿಲ್ ಎಂಬವರು ಈ ದೇಶದಲ್ಲೇ ಹೊಲಿಗೆ ಮಿಷನ್ ತಯಾರಿಸಲು ಹೊರಟರು. ಅವರ ಕಂಪೆನಿ ಜೇ ಎಂಜಿನಿಯರಿಂಗ್ ವರ್ಕ್ಸ್ ಆಮೇಲೆ ದೆಹಲಿಯ ಉದ್ಯಮಿ ಲಾಲಾ ಶ್ರೀರಾಮರ ಕೈಗೆ ಬಂದು ಬೆಳೆಯಿತು. ಸಿಂಗರ್ ಅಂದರೆ ಬೆನ್ನುಹತ್ತುವವರು, ಪಕ್ಕದಲ್ಲೇ ಇರುವ ಕಲ್ಕತ್ತಾ ಮುದ್ರೆಯ ಉಷಾವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮ ಮನೆಗಳ ಹೊಲಿಗೆಯ ಚರಿತ್ರೆಯಲ್ಲಿ ದೊಡ್ಡ ಪಾಲು ಅದರದ್ದೇ, ಹೆಣ್ಣುಮಕ್ಕಳು ನೆರೆಮನೆಯ ರವಕೆ ಹೊಲಿದು ಮನೆ ನಡೆಸಿದ್ದು ಬಹಳ ಕಡೆ ಅದರ ಮೇಲೆಯೇ. ನಾಲ್ಕೈದು ಸೇರಿಸುವುದಾದರೆ ಅದರಲ್ಲೊಂದು ಹಳೆ ಉಷಾ ಇರಲಿ.

ಹುಡುಕುವುದು ಎಲ್ಲಿ? ಗುಜರಿ ಅಂಗಡಿಗೆ ಹೋಗಿ ಹೇಳಿಟ್ಟು ಬನ್ನಿ, ಚೆರ್ಕಳ, ಉಪ್ಪಳ, ಹೊಸಂಗಡಿ ಕಡೆ. ತೆಂಕಿಗೆ ಹೋದರೆ ಆಕ್ರಿ ಅಂಗಡಿ ಅಂತ ಕೇಳಬೇಕು. ಆದರೆ ಗುಜರಿಗೆ ಬರುವಾಗ ಅರ್ಧ ಭಾಗ ಉದುರಿರುತ್ತದೆ. ಅದಕ್ಕಿಂತ ಒಂದು ಹೆಜ್ಜೆ ಮೊದಲೇ ತಲುಪಬೇಕು. ಹಳೆ ಮನೆ ಕೆಡವುವ ಮೇಸ್ತ್ರಿಗಳು, ಮರದ ಹಳೆ ಬಾಗಿಲು–ತೊಲೆ ಕೊಳ್ಳುವವರು, ಮನೆ ಸಾಮಾನು ಸಾಗಿಸುವ ಜೀಪಿನವರು, ಈ ಮೂರು ಜನರ ಪರಿಚಯ ಇದ್ದರೆ ಸಾಕು. ಜಾಹೀರಾತಿಗಿಂತ ಮದುವೆಮನೆಯ ಊಟದ ಪಂಕ್ತಿಯಲ್ಲಿ ‘ನನಗೆ ಹಳೆ ಮಿಷನ್ ಬೇಕು’ ಅಂತ ಒಂದು ಮಾತು ಹಾಕುವುದು ಹೆಚ್ಚು ಫಲ ಕೊಡುತ್ತದೆ. ಟೊಪ್ಪಿ ಹೊಲಿಗೆಗೆ ಹೆಸರಾದ ತಳಂಗರೆಯಂಥ ಕಡೆ, ಯಕ್ಷಗಾನದ ವೇಷಭೂಷಣ ಹೊಲಿಯುವವರಲ್ಲಿ, ಹಳೆ ಟೈಲರಿಂಗ್ ತರಗತಿ ನಡೆಯುತ್ತಿದ್ದ ಕಟ್ಟಡಗಳಲ್ಲಿ ವಿಚಾರಿಸಿ. ಸೂಜಿ–ಬಾಬಿನ್ ಮಾರುವ, ರಿಪೇರಿ ಮಾಡುವ ಹಿರಿಯರ ಹತ್ತಿರ ಕೂತು ಒಂದು ಚಾ ಕುಡಿಯಿರಿ. ಯಾರ ಮನೆಯಲ್ಲಿ ಯಾವ ಮಿಷನ್ ಇದೆ ಎಂಬುದು ಅವರಿಗೆ ಬಾಯಿಪಾಠ.

ಒಂದು ಕಟ್ಟುನಿಟ್ಟು ಇಟ್ಟುಕೊಳ್ಳಿ. ಇವತ್ತಿಗೂ ದುಡಿಯುತ್ತಿರುವ ಟೈಲರ್ ಅಣ್ಣನ ಮಿಷನ್ನಿಗೆ ಕಣ್ಣು ಹಾಕಬೇಡಿ. ಹಣದ ಆಸೆ ತೋರಿಸಿ ಕೊಂಡು ಬಂದರೆ ಅವರ ಕೈಗೆ ಒಗ್ಗಿದ್ದು ಹೋಯಿತು, ನಿಮ್ಮ ಮನೆಯಲ್ಲಿ ಅದು ಸುಮ್ಮನೆ ಕೂರುತ್ತದೆ. ‘ಬಿಡುವ ದಿನ ಬಂದರೆ ನನಗೆ ಹೇಳಿ’ ಅಂತ ನಂಬರ್ ಕೊಟ್ಟು ಬನ್ನಿ, ಅಷ್ಟು ಸಾಕು.

ಕಾಲಿನ ಮಿಷನ್ನುಗಳ ಕತೆ ನೋಡಿದರೆ ಸಂಕಟವಾಗುತ್ತದೆ. ಕಂಪೆನಿಯ ಹೆಸರು ಎರಕ ಹೊಯ್ದ ಸ್ಟ್ಯಾಂಡಿಗೆ ಈಗ ಹೋಟೆಲು, ರೆಸಾರ್ಟುಗಳಲ್ಲಿ ಬೇಡಿಕೆ. ಮೇಲೆ ಗ್ರಾನೈಟ್ ಇಟ್ಟು ಮೇಜು ಮಾಡುತ್ತಾರೆ, ಮಿಷನ್ನಿನ ತಲೆ ಗುಜರಿಗೆ. ನೀವು ಇದಕ್ಕೆ ವಿರುದ್ಧವಾಗಿ ನಡೆದರೆ ಲಾಭವೂ ಉಂಟು: ಸ್ಟ್ಯಾಂಡಿಗಾಗಿ ಕೊಂಡವರ ಹತ್ತಿರ ತಲೆ ಕೇಳಿದರೆ ಅಗ್ಗಕ್ಕೆ ಕೊಡುತ್ತಾರೆ. ಸಾಗಿಸುವಾಗ ತಲೆಯನ್ನೂ ಸ್ಟ್ಯಾಂಡನ್ನೂ ಬೇರೆ ಮಾಡಿ. ತಲೆಯನ್ನು ಹಿಂದಕ್ಕೆ ಮಗುಚಿದರೆ ತಳದಲ್ಲಿ ಎರಡು ಸ್ಕ್ರೂ ಕಾಣುತ್ತವೆ, ಸಡಿಲಿಸಿದರೆ ಬಿಜಾಗರಿಯಿಂದ ಎತ್ತಬಹುದು. ಎರಕದ ಕಬ್ಬಿಣ ಬಗ್ಗುವುದಿಲ್ಲ, ಬಿದ್ದರೆ ಒಡೆಯುತ್ತದೆ. ಜೀಪಿನಲ್ಲಿ ಅಡಿಗೆ ಗೋಣಿ ಹಾಸಿ.

ಕೊಳ್ಳುವಾಗ ಜೇಬಿನಲ್ಲಿ ಒಂದು ಸೂಜಿ, ಎರಡು ಬಣ್ಣದ ನೂಲು, ಒಂದು ತುಂಡು ಹತ್ತಿ ಬಟ್ಟೆ ಇರಲಿ. ಮೊದಲು ನೂಲಿಲ್ಲದೆ ಒಂದು ಕಾಗದ ಓಡಿಸಿ. ತೂತುಗಳು ಸಮಾನ ಅಂತರದಲ್ಲಿ ಬಿದ್ದರೆ ಬಟ್ಟೆ ತಳ್ಳುವ ಹಲ್ಲು ಸರಿಯಿದೆ. ಆಮೇಲೆ ಮೇಲೊಂದು ಬಣ್ಣ, ಬಾಬಿನ್ನಿಗೊಂದು ಬಣ್ಣ ಹಾಕಿ ಹೊಲಿದು ನೋಡಿದರೆ ಟೆನ್ಶನ್ ಹೇಗಿದೆ ಎಂದು ಮಾರುವವರನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ. ಮೇಲ್ಮೈ ತುಕ್ಕಿಗೆ ಹೆದರಬೇಡಿ, ಸೂಜಿಕಡ್ಡಿಯ ಮೇಲೆ ಗುಳಿ ಬಿದ್ದ ತುಕ್ಕು ಇದ್ದರೆ ಯೋಚಿಸಿ. ಮರದ ಹಲಗೆ, ಪೆಟ್ಟಿಗೆಯಲ್ಲಿ ಒರಲೆ ಹತ್ತಿದೆಯೇ ಎಂದು ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಆ ಮರ ಮನೆಯೊಳಗೆ ಬರಬಾರದು. ಬೆಲೆಗೆ ನನ್ನ ಅಳತೆ ಸರಳ: ಎಲ್ಲ ಭಾಗ ಇದ್ದು ಓಡುವ ಮಾಮೂಲಿ ಮಾದರಿಗೆ ಹೊಸ ಕೈಮಿಷನ್ನಿನ ಬೆಲೆಗಿಂತ ಮೇಲೆ ಕೊಡಬೇಡಿ. ಶಟಲ್ ಇಲ್ಲದ್ದಕ್ಕೆ ಕಬ್ಬಿಣದ ತೂಕದ ಬೆಲೆ ಸಾಕು, ಬಿಡಿಭಾಗಕ್ಕೆ ಆಗುತ್ತದೆ.

ಶುಚಿ ಮಾಡುವ ವಿಷಯದಲ್ಲಿ ಆತುರ ಬೇಡ. ಕಪ್ಪು ಮೈಯ ಮೇಲಿನ ಚಿನ್ನದ ಚಿತ್ತಾರದ ಮೇಲೆ ಒಂದು ತೆಳು ಶೆಲ್ಲಾಕ್ ಪದರ ಇರುತ್ತದೆ, ನಮ್ಮ ಆಚಾರಿಗಳು ಫ್ರೆಂಚ್ ಪಾಲಿಶಿಗೆ ಬಳಸುವ ಅದೇ ಅರಗು. ಸ್ಪಿರಿಟ್, ಸ್ಯಾನಿಟೈಸರ್ ತಾಗಿದರೆ ಅದು ಕರಗುತ್ತದೆ, ಅದರ ಜೊತೆ ಚಿತ್ತಾರವೂ ಬರುತ್ತದೆ. ಸೋಪಿನ ನೀರು, ಗಾಜು ಒರೆಸುವ ದ್ರಾವಣ ತಾಗಿದರೆ ಚಿನ್ನದ ಬಣ್ಣ ಬೆಳ್ಳಗಾಗುತ್ತದೆ. ಹೊಲಿಗೆ ಮಿಷನ್ ಎಣ್ಣೆಯನ್ನೇ ಹತ್ತಿಯಲ್ಲಿ ಅದ್ದಿ ಮೆಲ್ಲ ಉಜ್ಜಿ, ಹತ್ತಿ ಕಪ್ಪಾದಾಗಲೆಲ್ಲ ಬದಲಾಯಿಸಿ. ಮರಳುಕಾಗದ ಚಿತ್ತಾರದ ಹತ್ತಿರವೂ ಸುಳಿಯಬಾರದು. ಮತ್ತೆ ಪೇಂಟು ಹೊಡೆಸುವ ಯೋಚನೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಕೈ ತಾಗಿ ತಾಗಿ ಮಾಸಿದ ಜಾಗ ನಿಮ್ಮ ಅಜ್ಜಿ ಕೂತು ಹೊಲಿದ ಗುರುತು.

ಎಣ್ಣೆ ಅಂದಾಗ ಒಂದು ಮಾತು. ನಮ್ಮಲ್ಲಿ ಮನೆಯಲ್ಲಿರುವ ತೆಂಗಿನೆಣ್ಣೆಯನ್ನೇ ಬಿಡುವ ಅಭ್ಯಾಸ ಬಹಳ. ಎರಡು ದಿನ ಮಿಷನ್ ಹಗುರಾಗಿ ಓಡುತ್ತದೆ, ಆಮೇಲೆ ಅದು ಕಮಟಾಗಿ, ಬಟ್ಟೆಯ ದೂಳು ಹಿಡಿದು ಅಂಟಾಗುತ್ತದೆ. ಅಟ್ಟದಿಂದ ಇಳಿದ ಮಿಷನ್ನುಗಳಲ್ಲಿ ಕಂದು ಬಣ್ಣದ ಗಟ್ಟಿ ಮೇಣ ಕಾಣುತ್ತದಲ್ಲ, ಅದು ಹೆಚ್ಚಾಗಿ ಇಂಥ ಅಡುಗೆ ಎಣ್ಣೆಗಳದ್ದೇ. ಚಿಮಿಣಿ ಎಣ್ಣೆಯಲ್ಲಿ ಕರಗಿಸಿ ತೆಗೆದ ಮೇಲೆ ಹೊಲಿಗೆ ಮಿಷನ್ನಿಗೆಂದೇ ಮಾರುವ ನೀರಿನಂಥ ತಿಳಿ ಎಣ್ಣೆಯನ್ನು ಪ್ರತಿ ಸಂದಿಗೆ ಒಂದೊಂದು ಹನಿ ಬಿಡಿ. ಚಿಮಿಣಿ ಎಣ್ಣೆಯನ್ನು ಹಾಗೇ ಬಿಟ್ಟರೆ ಒಣಗಿ ಲೋಹ ಬರಿದಾಗುತ್ತದೆ, ತುಕ್ಕು ಬೇಗ ಹಿಡಿಯುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ, ಕರಾವಳಿಯ ಮನೆಗಳಿಗೆ ಉಪ್ಪುಗಾಳಿ ಬೇರೆ. ಮರದ ಮುಚ್ಚಳ ಹಾಕಿದರೆ ರಕ್ಷಣೆ ಅಂದುಕೊಳ್ಳುತ್ತಾರೆ. ಆದರೆ ಜೂನಿನಿಂದ ಸೆಪ್ಟೆಂಬರ್ ತನಕ ಮುಚ್ಚಳದೊಳಗೆ ತೇವ ಸಿಕ್ಕಿಕೊಂಡು ಒಳಗೇ ತುಕ್ಕು ಬೆಳೆಯುತ್ತದೆ. ಆ ನಾಲ್ಕು ತಿಂಗಳು ಮುಚ್ಚಳ ತೆಗೆದು ಹಳೆ ಹತ್ತಿ ಸೀರೆಯ ತುಂಡು ಹೊದಿಸಿ. ಗೋಡೆಗೆ ತಾಗಿಸಿ ಇಡಬೇಡಿ, ನೆಲದ ಮೇಲೆ ಇಡಬೇಡಿ, ಅಡುಗೆಮನೆಯ ಪಕ್ಕದ ಬೆಚ್ಚಗಿನ ಕೋಣೆ ಒಳ್ಳೆಯದು. ಸೂಜಿಕಡ್ಡಿ, ಫುಟ್ಟಿನ ಕಡ್ಡಿ, ಚಕ್ರದ ಅಂಚು, ಜಾರುತಗಡು, ಅಂದರೆ ಹೊಳೆಯುವ ಲೋಹ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಎಣ್ಣೆ ಸವರಿದ ಬಟ್ಟೆ ಆಡಿಸಿ. ಫುಟ್ಟನ್ನು ಮೇಲೆತ್ತಿಯೇ ಇಡಿ ಅಥವಾ ಕೆಳಗೊಂದು ಬಟ್ಟೆಯ ತುಂಡು ಇರಲಿ. ಕಾಲಿನ ಮಿಷನ್ನಿನ ಚರ್ಮದ ಬೆಲ್ಟನ್ನು ಚಕ್ರದಿಂದ ಜಾರಿಸಿಡಿ, ಇಲ್ಲವಾದರೆ ಬೂಸ್ಟು ಹಿಡಿದು ಲೋಹಕ್ಕೆ ಅಂಟುತ್ತದೆ.

ಎಲ್ಲಕ್ಕಿಂತ ಒಳ್ಳೆಯ ರಕ್ಷಣೆ ಮಾತ್ರ ಹೊಲಿಯುವುದೇ. ವಾರಕ್ಕೊಮ್ಮೆ ದಿಂಬಿನ ಕವರೋ ಚೀಲವೋ ಒಂದಷ್ಟು ಉದ್ದ ಹೊಲಿಯಿರಿ. ಓಡುವ ಮಿಷನ್ನಿನಲ್ಲಿ ಎಣ್ಣೆ ತಾನಾಗಿ ಎಲ್ಲ ಸಂದಿಗೂ ತಲುಪುತ್ತದೆ. ಹೊಸ ಮಿಷನ್ ಮನೆಗೆ ಬಂದ ದಿನವೇ ನಂಬರ್, ಯಾರ ಮನೆಯದು, ಯಾರು ಹೊಲಿಯುತ್ತಿದ್ದರು ಎಂಬುದನ್ನು ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆದು ತಳಕ್ಕೆ ಕಟ್ಟಿ. ಶಾಯಿಯಾದರೆ ನಮ್ಮ ತೇವಕ್ಕೆ ಹರಡುತ್ತದೆ. ಮೊದಲ ರಟ್ಟು ನೀರ್ಚಾಲಿನ ಮಿಷನ್ನಿಗೆ ಬರೆಯಿರಿ, ಹೇಳಬಲ್ಲ ಹಿರಿಯರು ಮನೆಯಲ್ಲಿ ಇರುವಾಗಲೇ.